ಇನ್ನೂರ ನಲವತ್ತು ಚೀಟಿ, ಒಂದೇ ಬೀಜ: ನೂರ ಹದಿನೇಳನೇ ಪೊಟ್ಟಣದ ರಕ್ಷಣೆ ಕುರಿತು

ತಳಿ ಅಭಿವೃದ್ಧಿ ವಿಭಾಗ
ಸಂಖ್ಯೆ: ತಅವಿ/೧೧೭/ಬೀರು-ಹಿಂದೆ/೧
ಲಗತ್ತು: ಬೀಜ ಒಂದು (ಕುಂಡದಲ್ಲಿದೆ, ಅಗೆದು ನೋಡಬಾರದು)

ಸುತ್ತೋಲೆ

ವಿಷಯ: ಬೀನ್ಸ್ ತಳಿಗಳ ವಂಶವೈವಿಧ್ಯ ಕಾಣೆಯಾಗಿರುವ ಬಗ್ಗೆ, ಹಾಗೂ ಉಳಿದ ಒಂದೇ ಬೀಜದ ಎದುರು ಸಿಬ್ಬಂದಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ: ಮಾರ್ಕರ್ ಪ್ರಯೋಗಾಲಯದ ವರದಿ, ಮತ್ತು ಸದರಿ ವರದಿ ಕುರಿತು ಊಟದ ಮೇಜಿನಲ್ಲಿ ಎದ್ದ ನಗು.

ಈ ಕೆಳಗಿನ ಪ್ರತಿ ಅಕ್ಷರವೂ ನಿಜವೆಂದು ಮುಖ್ಯ ತಳಿವರ್ಧಕರು (ಮುಂದೆ "ಮುಖ್ಯಸ್ಥರು") ಒಂದು ಹಿಡಿ ಬೀನ್ಸ್ ಕೈಯಲ್ಲಿ ಹಿಡಿದು ಆಣೆ ಮಾಡಿರುತ್ತಾರೆ. ಅದು ಯಾವ ತಳಿಯದೆಂದು ಕೇಳಬಾರದೆಂದು ಕೋರಲಾಗಿದೆ.

ಬೀರುವಿನ ಇನ್ನೂರ ನಲವತ್ತು ಪೊಟ್ಟಣಗಳಲ್ಲಿ ಇನ್ನೂರ ನಲವತ್ತು ತಳಿಗಳಿವೆ ಎಂಬುದು ಮುಖ್ಯಸ್ಥರ ಹನ್ನೊಂದು ವರ್ಷಗಳ ಹೆಮ್ಮೆಯಾಗಿತ್ತು. ಮಾರ್ಕರ್ ಎಂದರೆ, ಬೀಜದ ವಂಶವಾಹಿಯಲ್ಲಿ ಇಂಥ ಗುಣವಿದೆ ಎಂದು ಸಾಕ್ಷಿ ಹೇಳುವ ಗುರುತು. ಅದನ್ನು ಪರೀಕ್ಷಿಸುವ ಪ್ರಯೋಗಾಲಯದ ಉಸ್ತುವಾರಿ ಮುಖ್ಯಸ್ಥರ ಸ್ವಂತ ನಾದಿನಿಯದು. ಆಕೆ ಮನೆಮಂದಿಯೆಲ್ಲ ಕೂತಿದ್ದಾಗ ವರದಿ ಮಂಡಿಸಿದ್ದು ಹೀಗೆ: "ಭಾವ, ನಿಮ್ಮ ಹತ್ರ ಇನ್ನೂರ ನಲವತ್ತು ತಳಿ ಇಲ್ಲ. ಇನ್ನೂರ ನಲವತ್ತು ಚೀಟಿ ಇದೆ. ಒಳಗಿರೋದೆಲ್ಲ ಒಂದೇ!"

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಯಾವ ಪೊಟ್ಟಣದ ಬೀಜ ಮೊಳೆಯಲಿಲ್ಲವೋ ಅದಕ್ಕೆ, "ಜಾಗ ಖಾಲಿ ಕಾಣಬಾರದು" ಎಂದು, ಒಂದನೇ ಪೊಟ್ಟಣದಿಂದ ಒಂದು ಹಿಡಿ ಸುರಿಯುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಇದನ್ನು ಆರಂಭಿಸಿದವರು ಯಾರೆಂದು ಮುಖ್ಯಸ್ಥರು ಖುದ್ದಾಗಿ ವಿಚಾರಣೆ ನಡೆಸಲಾಗಿ, ವಿಚಾರಣಾಧಿಕಾರಿಯೇ ಎಂದು ಕಂಡುಬಂದಿದೆ.

೨. ದಾಖಲೆ ಪುಸ್ತಕದಲ್ಲಿ ಮುಖ್ಯಸ್ಥರು ಸ್ವಹಸ್ತದಿಂದ ಬರೆದ "೫೮: ಗಂಭೀರ ಸ್ವಭಾವ", "೯೧: ೫೮ಕ್ಕಿಂತ ಎಷ್ಟೋ ಚುರುಕು" ಮುಂತಾದ ಷರಾಗಳನ್ನು ಹಿಂಪಡೆಯಲಾಗಿದೆ.

೩. ಸಾಲುಸಾಲಿಗೆ ದಾಖಲಾದ ಗಿಡಗಳ ಎತ್ತರದ ವ್ಯತ್ಯಾಸಕ್ಕೆ ಯಾವ ಮಾರ್ಕರಿನೊಂದಿಗೂ ನಂಟು ಸಿಕ್ಕಿರುವುದಿಲ್ಲ. ನಂಟು ಸಿಕ್ಕಿದ್ದು ಸ್ಟೂಲಿನೊಂದಿಗೆ. ಬೆಸ ಸಾಲುಗಳನ್ನು ಮಾಲಿ ನಿಂತು ಅಳೆದಿದ್ದು, ಸಮ ಸಾಲುಗಳನ್ನು ಮುಖ್ಯಸ್ಥರು ಮೊಣಕಾಲು ನೋವಿನ ನಿಮಿತ್ತ ಕೂತು ಅಳೆದಿರುತ್ತಾರೆ. ಸ್ಟೂಲನ್ನು ಜಪ್ತಿ ಮಾಡಲಾಗಿದೆ.

೪. ಕಳೆದ ಹಂಗಾಮಿನ ತುಕ್ಕುರೋಗಕ್ಕೆ ಇಡೀ ತಾಕು ಒಂದೇ ವಾರದಲ್ಲಿ ನೆಲ ಕಚ್ಚಿದ್ದನ್ನು "ತಳಿಗಳ ನಡುವಿನ ಒಗ್ಗಟ್ಟು" ಎಂದು ವರದಿಯಲ್ಲಿ ಬಣ್ಣಿಸಿದ್ದಕ್ಕೆ ಮುಖ್ಯಸ್ಥರು ತಮಗೆ ತಾವೇ ನೋಟಿಸು ನೀಡಿಕೊಂಡಿದ್ದು, ಉತ್ತರ ತೃಪ್ತಿಕರವಾಗಿರುವುದಿಲ್ಲ.

೫. ಗೋಡೆಗೆ ಬಣ್ಣ ಬಳಿಯಲು ಬೀರು ಸರಿಸಿದಾಗ, ಅದರ ಹಿಂದೆ ಬಿದ್ದು ಮುಖ್ಯಸ್ಥರ ಹಿಡಿಯಿಂದ ಪಾರಾಗಿದ್ದ ಅಸಲಿ ೧೧೭ನೇ ಪೊಟ್ಟಣ ದೊರೆತಿದೆ. ಬೀಜ ಎಂಟು. ಒಂದನ್ನು ಪುಡಿ ಮಾಡಿ ನೋಡಲಾಗಿ, ತುಕ್ಕುರೋಗ ತಡೆಯುವ ಮಾರ್ಕರ್ ಅದರಲ್ಲಿದೆ. ಬಿತ್ತಿದ ಏಳರಲ್ಲಿ ಆರು ಕೊಳೆತಿವೆ, ವಯಸ್ಸಿನಿಂದಲೋ ಮುಖ್ಯಸ್ಥರ ಪ್ರೀತಿಯಿಂದಲೋ ತಿಳಿಯದು. ಏಳನೆಯದೂ ಕೈಕೊಟ್ಟಲ್ಲಿ, ಮಾರ್ಕರ್ ವರದಿ ಕಂಡ ಪರಿಶೀಲನಾ ಸಮಿತಿಯು ಸೋಮವಾರ ವಿಭಾಗಕ್ಕೆ ಬೀಗ ಜಡಿಯಲಿದೆ.

೬. ಮೊದಲ ದಿನವೇ ಹತ್ತೊಂಬತ್ತು ಬಾರಿ ನೀರೆರೆದ ಮುಖ್ಯಸ್ಥರು ಇನ್ನು ಮುಂದೆ ಕುಂಡದಿಂದ ಹತ್ತು ಹೆಜ್ಜೆ ದೂರವಿರತಕ್ಕದ್ದು. ಈ ಸಂಬಂಧ ಮಾಲಿಯ ಮೌಖಿಕ ಆದೇಶವನ್ನು ("ಸಾರ್, ಅದು ಬೀಜ, ಎಮ್ಮೆ ಅಲ್ಲ. ಆ ಕ್ಯಾನ್ ಕೆಳಗಿಡಿ ಮೊದ್ಲು") ಯಥಾವತ್ತಾಗಿ ಅಂಗೀಕರಿಸಲಾಗಿದೆ.

೭. ಕುಂಡದ ಬಳಿ ನಿಟ್ಟುಸಿರು ಬಿಡುವುದು, "ಇನ್ನೂ ಬಂದಿಲ್ವಾ?" ಎಂದು ಕೇಳುವುದು ನಿಷಿದ್ಧ. ಮೊಳೆಯದಿದ್ದರೆ ಒಂದನೇ ಪೊಟ್ಟಣದ ಒಂದು ಕಾಳನ್ನು ಮೆಲ್ಲನೆ ಹುದುಗಿಸಿಬಿಡುವ ಆಲೋಚನೆ ಬುಧವಾರ ಮಧ್ಯಾಹ್ನ ಒಬ್ಬರಿಗೆ ಬಂದಿತ್ತು. ಅವರು ತಾವಾಗಿಯೇ ತಮ್ಮ ಅಂಗಿಯ ಜೇಬಿನ ಬಾಯನ್ನು ಹೊಲಿಸಿ ಮುಚ್ಚಿಸಿಕೊಂಡಿರುತ್ತಾರೆ.

೮. ಒಂದು ವೇಳೆ ಮೊಳಕೆಯೊಡೆದಲ್ಲಿ, ಮೊದಲು ನೋಡುವ ಹಕ್ಕು ಮುಖ್ಯಸ್ಥರದು. ಉಳಿದ ಸಿಬ್ಬಂದಿ ಸೇವಾ ಹಿರಿತನದ ಪ್ರಕಾರ ಸಾಲಾಗಿ, ಓಡದೆ, ಕೂಗಾಡದೆ, ಕೈಯಲ್ಲಿನ ಕೆಲಸವನ್ನು ಅರ್ಧಕ್ಕೆ ಬಿಡದೆ, ಸದರಿ ಮೊಳಕೆಯನ್ನು

(ಇನ್ನು ಮುಂದಿನದು ಪೆನ್ಸಿಲಿನಲ್ಲಿ: ಹೊರಗಿನಿಂದ ಮಾಲಿ "ಬಂತು! ತಲೆ ಎತ್ತಿತು ಕಣ್ರೋ!" ಎಂದು ಕೂಗಿದ ಕಾರಣ, ಬೆರಳಚ್ಚುಗಾರ್ತಿ ಎದ್ದು ಓಡಿರುತ್ತಾರೆ. ಕಲಂ ೮ ಇಲ್ಲಿಗೆ ಮುಗಿದಿದೆ ಎಂದು ಭಾವಿಸತಕ್ಕದ್ದು.)

ಸಹಿ/-
ಮುಖ್ಯ ತಳಿವರ್ಧಕರು
(ಕುಂಡದಿಂದ ಹತ್ತು ಹೆಜ್ಜೆ ದೂರದಲ್ಲಿ, ತುದಿಗಾಲ ಮೇಲೆ)

ಪ್ರತಿಗಳು:
೧. ಪರಿಶೀಲನಾ ಸಮಿತಿಗೆ: ಸೋಮವಾರ ಬೀಗದ ಬದಲು ಒಂದು ಊರುಗೋಲು ತರುವಂತೆ ಕೋರಿ. ಬೀನ್ಸ್ ಬಳ್ಳಿಗೆ.
೨. ನಾದಿನಿಗೆ: ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಬಾರದೆಂಬ ಷರತ್ತಿನ ಮೇರೆಗೆ.
೩. ಒಂದನೇ ಪೊಟ್ಟಣಕ್ಕೆ: ಇನ್ನೂರ ನಲವತ್ತು ಪ್ರತಿ.
೪. ಕಚೇರಿ ಪ್ರತಿ: ಬೀರುವಿನ ಹಿಂದೆ ಬೀಳಿಸುವುದು. ಇಟ್ಟದ್ದು ಇಟ್ಟಂತೆ ಉಳಿದಿರುವ ಜಾಗ ವಿಭಾಗದಲ್ಲಿ ಅದೊಂದೇ.