‘ಇದ್ದೇನೆ’ ಎಂದು ಸತ್ತ ಸರ್ವರುಗಳು

ಕೆಲವರಿಗೆ ಗೋಡೆಯ ಮೇಲೆ ಸೊಟ್ಟಗೆ ನೇತಾಡುವ ಕ್ಯಾಲೆಂಡರ್ ಕಂಡರೆ ಕೈ ಸುಮ್ಮನಿರುವುದಿಲ್ಲ, ಎದ್ದು ಹೋಗಿ ನೆಟ್ಟಗೆ ಮಾಡಿ ಬರುತ್ತಾರೆ. ಅದು ತಮ್ಮ ಮನೆಯ ಗೋಡೆಯೇ ಆಗಿರಬೇಕೆಂದೇನಿಲ್ಲ. ನನಗೆ ಆ ಚಟ ಇರುವುದು ಕನ್ನಡದ ವಿಷಯದಲ್ಲಿ. ಹೋಟೆಲಿನ ಬೋರ್ಡಿನ ಮೇಲೆ ‘ಶುದ್ದ ಸಸ್ಯಹಾರಿ’ ಎಂದು ಬರೆದಿದ್ದರೆ ಒಳಗೆ ಹೋದವನು ಮೊದಲು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಮಹಾಪ್ರಾಣದ ಪಾಠ ಹೇಳಿ, ಆಮೇಲೆ ಇಡ್ಲಿ ಕೇಳುತ್ತೇನೆ. ಮದುವೆಗೆ ಕರೆಯಲು ಬಂದವರ ಕಣ್ಣೆದುರೇ ಅವರ ಆಮಂತ್ರಣ ಪತ್ರಿಕೆಯನ್ನು ತಿದ್ದಿಕೊಟ್ಟು, ಅವರು ಕಾಫಿ ಮುಟ್ಟದೆ ಎದ್ದುಹೋದದ್ದೂ ಉಂಟು. ಇದು ನನ್ನ ಅಜ್ಜನ ಬಳುವಳಿ. ಅವರು ಬಳ್ಳಾರಿಯಲ್ಲಿ ಕನ್ನಡ ಮಾಸ್ತರಾಗಿದ್ದವರು. ನಾನು ಬೀದಿಯಲ್ಲಿ ಆಡಿ ಬಂದು ‘ಮನಿ’ ಎಂದರೆ ಸಾಕು, "ಎಕಾರ ಎಲ್ಲಿ ಬೀಳಿಸಿ ಬಂದೆ? ಹುಡುಕಿಕೊಂಡು ಬಾ" ಎಂದು ಬಾಗಿಲಾಚೆ ಕಳಿಸುತ್ತಿದ್ದರು. ನಾನು ನಿಜವಾಗಿಯೂ ಬೀದಿಯಲ್ಲಿ ಸ್ವಲ್ಪ ಹೊತ್ತು ಹುಡುಕಿ ಬರುತ್ತಿದ್ದೆ. ಹೀಗಾಗಿ ಬಳ್ಳಾರಿಯಲ್ಲೇ ಹುಟ್ಟಿ, ಬಳ್ಳಾರಿಯಲ್ಲೇ ತಲೆ ನರೆಸಿಕೊಂಡರೂ ನನ್ನ ಬಾಯಲ್ಲಿ ಬಳ್ಳಾರಿ ಇಲ್ಲ. ನನ್ನ ಹೆಂಡತಿ ಸುಧಾ ಸಿರುಗುಪ್ಪದವಳು. ಸಂಜೆ ಬಾಗಿಲು ಕಿರ್ರೆಂದ ಕೂಡಲೇ ಅಡುಗೆಮನೆಯಿಂದ "ಅದೀರೇನ್ರಿ?" ಎನ್ನುತ್ತಾಳೆ. ನಾನು "ಇದ್ದೇನೆ" ಎನ್ನುತ್ತೇನೆ. ಅವಳ ‘ಅದೀರೇನ್ರಿ’ಯೂ ನನ್ನ ‘ಇದ್ದೇನೆ’ಯೂ ಎಷ್ಟೋ ವರ್ಷಗಳಿಂದ ಒಂದೇ ಸೂರಿನಡಿ ಸಂಸಾರ ಮಾಡಿಕೊಂಡಿವೆ.

ಇಷ್ಟನ್ನು ಮೊದಲೇ ಹೇಳಿಬಿಟ್ಟದ್ದು ಯಾಕೆಂದರೆ, ಮೊನ್ನೆ ನಡೆದದ್ದನ್ನು ಕೇಳಿದವರೆಲ್ಲ ಕಂಪ್ಯೂಟರನ್ನೇ ಬೈಯುತ್ತಿದ್ದಾರೆ, ಪಾಪ.

ನಾನು ಕೆಲಸ ಮಾಡುವುದು ಬಳ್ಳಾರಿಯ ಒಂದು ಚಿಕ್ಕ ಕಚೇರಿಯಲ್ಲಿ. ಕೆಳಗೆ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆ, ಮಹಡಿಯ ಮೇಲೆ ನಾವು. ಕೆಳಗಿನ ಮಿಷಿನ್ನುಗಳು ಶುರುವಾದರೆ ನಮ್ಮ ಮೇಜಿನ ಮೇಲಿನ ಚಹಾ ಅಲುಗುತ್ತದೆ. ಸಿರುಗುಪ್ಪದ ರೈಸ್ ಮಿಲ್ಲುಗಳಿಗೆ ನೆಲ್ಲು, ಅಂದರೆ ಭತ್ತ, ತರುವ ರೈತರು ಮೊಬೈಲಿನಲ್ಲೇ ಪಾಳಿಯ ಟೋಕನ್ ತೆಗೆದುಕೊಳ್ಳುವ ಆ್ಯಪ್ ನಮ್ಮದು. ಟೋಕನ್ ಇದ್ದರೆ ಗೇಟು ತೆರೆಯುತ್ತದೆ, ಇಲ್ಲದಿದ್ದರೆ ಟ್ರ್ಯಾಕ್ಟರು ರಸ್ತೆಯಲ್ಲೇ. ಹೋದ ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದ್ದರಿಂದ ನಮ್ಮ ಒಂದೇ ಒಂದು ಸರ್ವರು ಅಂಗಾತ ಮಲಗಿಬಿಟ್ಟಿತ್ತು. ಗೇಟಿನಲ್ಲಿ ಜಗಳ, ತಳ್ಳಾಟ, ಕೊನೆಗೆ ಮಿಲ್ಲಿನವರು "ಇನ್ನೊಮ್ಮೆ ಹಿಂಗಾದ್ರ ನಿಮ್ಮ ಆ್ಯಪ್ ಬ್ಯಾಡ, ನಮ್ಮ ಹಳೇ ಚೀಟಿನ ಚಲೋ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅದಕ್ಕೇ ಈ ಸುಗ್ಗಿಗೆ ಸರ್ವರುಗಳ ಒಂದು ಗುಂಪನ್ನೇ ಕಟ್ಟಲು ಹೊರಟೆವು. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ.

ಕಚೇರಿಯ ಯಜಮಾನರಾದ ಬಸವನಗೌಡರು ಕುರುಗೋಡಿನವರು. ಅವರಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. "ಆಚಾರ್ರೇ, ಮೂರು ಯಾಕ್ರೀ? ಒಂದ ದೊಡ್ಡದು ತಂದ್ರ ಆಗಂಗಿಲ್ಲೇನು?" ಎಂದರು. ನಾನು ನನಗೆ ಗೊತ್ತಿದ್ದ ಮಠದ ಪಂಕ್ತಿಯ ಉದಾಹರಣೆ ಕೊಟ್ಟೆ. ಬಡಿಸುವವನು ಎಂಥ ಜಟ್ಟಿಯೇ ಆಗಲಿ, ಒಬ್ಬನೇ ಆದರೆ ಸಾರು ಬರುವ ಹೊತ್ತಿಗೆ ಅನ್ನ ಆರಿರುತ್ತದೆ. ಮೂವರು ಬಡಿಸುವವರಿರಬೇಕು. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತು, ಯಾರ ಕೈ ಖಾಲಿ ಇದೆ ನೋಡಿ, "ನೀನು ಈ ಸಾಲಿಗೆ, ನೀನು ಆ ಸಾಲಿಗೆ" ಎಂದು ಕಳಿಸುತ್ತಿರಬೇಕು. ಜನ ಹೆಚ್ಚಾದರೆ ಇನ್ನಿಬ್ಬರನ್ನು ಕರೆಯಬೇಕು, ಯಾರಿಗಾದರೂ ತಲೆ ತಿರುಗಿದರೆ ಅವನನ್ನು ಕೂರಿಸಿ ಬೇರೆಯವನ ಕೈಗೆ ಸೌಟು ಕೊಡಬೇಕು. ಆ ಹಿರಿಯರ ಕೆಲಸ ಮಾಡುವ ಯಂತ್ರಕ್ಕೆ ಲೋಡ್ ಬ್ಯಾಲೆನ್ಸರ್ ಎಂದು ಹೆಸರು ಎಂದೆ. ಗೌಡರು ಊಟದ ಮಾತಿಗೆ ಒಲಿದರು. ಮೂರು ಸರ್ವರುಗಳಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ನಾಮಕರಣವನ್ನೂ ಅವರೇ ಮಾಡಿದರು. ಮೂರೂ ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಯಂತ್ರಗಳು. ಆದರೂ ಗೌಡರು ದಿನಕ್ಕೊಮ್ಮೆ "ನಮ್ಮ ಕುರುಗೋಡು ಹೆಂಗೈತಿ?" ಎಂದು ವಿಚಾರಿಸುತ್ತಿದ್ದರು.

ಕ್ಲಸ್ಟರನ್ನು ನಿಜವಾಗಿ ಕಟ್ಟಿದ್ದು ನಾನು ಮತ್ತು ಹುಲಿಗೆಮ್ಮ. ಹುಲಿಗೆಮ್ಮ ಸಿರಿಗೇರಿಯ ಹುಡುಗಿ, ನಮ್ಮ ಕಚೇರಿಯ ಇಂಜಿನಿಯರು, ಮಾತು ಕಡಿಮೆ, ಕೆಲಸ ಚುರುಕು. ಬ್ಯಾಲೆನ್ಸರು ಪ್ರತಿಯೊಂದು ಸರ್ವರನ್ನೂ ಆಗಾಗ ಮಾತಾಡಿಸಿ, ಅದು ಬದುಕಿದೆಯೋ ಇಲ್ಲವೋ ತಿಳಿದುಕೊಳ್ಳಬೇಕಲ್ಲ, ಆ ಭಾಗವನ್ನು ಬರೆದವಳು ಅವಳು. ಸರ್ವರು ಗೊತ್ತುಮಾಡಿದ ಒಂದು ಮಾತನ್ನು ಹೇಳಬೇಕು. ಹೇಳಿದರೆ ಜೀವಂತ, ಕೆಲಸ ಕೊಡು. ಹೇಳದಿದ್ದರೆ ಸತ್ತಿದೆ, ಅದನ್ನು ಕೆಡವಿ ಅದೇ ಅಚ್ಚಿನ ಹೊಸದನ್ನು ಎಬ್ಬಿಸು. ಎಲ್ಲವೂ ತನ್ನಿಂದ ತಾನೇ ನಡೆಯುತ್ತದೆ, ಮನುಷ್ಯರು ಕೈ ಹಾಕಬೇಕಾಗಿಲ್ಲ. ಮನುಷ್ಯ ಕೈ ಹಾಕಿದ್ದೇ ಮುಂದಿನ ಕಥೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಟೋಕನ್ ತೆರೆಯುವುದಿತ್ತು. ಒಂಬತ್ತೂವರೆಯ ಸುಮಾರಿಗೆ ಹುಲಿಗೆಮ್ಮ ಕೆಳಗಿನ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಹೋದಳು. ನಾನು ಕೊನೆಯದಾಗಿ ಒಮ್ಮೆ ಎಲ್ಲವನ್ನೂ ಕಣ್ಣಾಡಿಸೋಣವೆಂದು ಕುಳಿತೆ. ಸರ್ವರು ಹೇಳಬೇಕಾದ ಮಾತಿನ ಜಾಗದಲ್ಲಿ ಆಕೆ ‘ಅದೀನಿ’ ಎಂದು ಬರೆದಿದ್ದಳು. ನನ್ನ ಕಣ್ಣಿಗೆ ಕಸ ಬಿದ್ದಂತಾಯಿತು. ಇದೇನು, ನಾಳೆ ನಾಲ್ಕು ಜನ ನೋಡುವ ಕೆಲಸ, ಇದರಲ್ಲಿ ‘ಅದೀನಿ’ ಎಂದರೆ ಹೇಗೆ? ಹುಡುಗಿ ಪ್ರೀತಿಯಿಂದ ಬರೆದಿದ್ದಾಳೆ, ಹೇಳಿದರೆ ನೊಂದುಕೊಳ್ಳುತ್ತಾಳೆ, ಇಷ್ಟು ಸಣ್ಣದಕ್ಕೆ ಯಾಕೆ ಹೇಳಬೇಕು ಎಂದುಕೊಂಡು ಅದನ್ನು ಒರೆಸಿ ‘ಇದ್ದೇನೆ’ ಎಂದು ಬರೆದು, ಹೊಸ ಅಚ್ಚನ್ನು ಸರ್ವರುಗಳಿಗೆ ಕಳಿಸಿದೆ. ಬಹಳ ದಿನಗಳಿಂದ ಬೆನ್ನು ತುರಿಸುತ್ತಿದ್ದ ಜಾಗಕ್ಕೆ ಕೈ ಎಟುಕಿದಷ್ಟು ಹಿತವಾಯಿತು. ಕಂಪ್ಯೂಟರಿಗೂ ಒಂದು ಸಂಸ್ಕಾರ ಕೊಟ್ಟೆ ಎಂಬ ಸಮಾಧಾನದಲ್ಲಿ ಚಹಾ ಕುಡಿದೆ.

ಬ್ಯಾಲೆನ್ಸರಿನ ವಿಚಾರಣೆ ಟೋಕನ್ ತೆರೆದಾಗಲೇ ಶುರುವಾಗುವಂತೆ ಇಟ್ಟಿದ್ದೆವು. ತೆರೆದ ಕೆಲವೇ ನಿಮಿಷಗಳಲ್ಲಿ ಬಳ್ಳಾರಿ ಕೆಂಪಾಯಿತು. ನಮ್ಮ ಪರದೆಯ ಮೇಲೆ ಹಸಿರೆಂದರೆ ಬದುಕಿದೆ, ಕೆಂಪೆಂದರೆ ಸತ್ತಿದೆ. ತಿಂಡಿ ಮುಗಿಸಿ ಬಂದಿದ್ದ ಹುಲಿಗೆಮ್ಮ ಕುರ್ಚಿ ಎಳೆದುಕೊಂಡಳು. "ಇರ್ಲಿ ಸರ, ಇನ್ನ ಎರಡು ಅದಾವಲ್ಲ" ಎನ್ನುವಷ್ಟರಲ್ಲಿ ಸಿರುಗುಪ್ಪವೂ ಕೆಂಪಾಯಿತು. ನಾನು ಎದ್ದು ನಿಂತು "ಸಿರುಗುಪ್ಪ ಹೋಯಿತು! ಕುರುಗೋಡೂ ಹೋಗುತ್ತಿದೆ!" ಎಂದು ಕೂಗಿದೆ. ಕೆಳಗಿನ ಹೊಲಿಗೆ ಮಿಷಿನ್ನುಗಳು ಗಕ್ಕನೆ ನಿಂತವು. ಟೇಲರೊಬ್ಬರು ಕೊರಳಲ್ಲಿ ಟೇಪಿನೊಂದಿಗೆ ಓಡಿ ಮೇಲೆ ಬಂದು "ಏನಾತ್ರಿ, ಹೊಳಿ ಬಂತೇನು? ನಮ್ಮಕ್ಕನ ಮನಿ ಅಲ್ಲೇ ಐತ್ರೀ!" ಎಂದರು. ಅವರಿಗೆ ಇದು ಬೇರೆ ಸಿರುಗುಪ್ಪ ಎಂದು ತಿಳಿಸುವಷ್ಟರಲ್ಲಿ ಕುರುಗೋಡೂ ಕೆಂಪಾಯಿತು.

ಬ್ಯಾಲೆನ್ಸರು ಹೊಸ ಸರ್ವರುಗಳನ್ನು ಎಬ್ಬಿಸತೊಡಗಿತು. ಒಂದೊಂದೂ ಹುಟ್ಟುತ್ತಿತ್ತು, ಒಂದು ಕ್ಷಣ ಕಣ್ಣು ಬಿಡುತ್ತಿತ್ತು, ಕೆಂಪಾಗುತ್ತಿತ್ತು. ವಿಚಿತ್ರವೆಂದರೆ ಒಂದೊಂದು ಸರ್ವರನ್ನೂ ನಾವು ನೇರವಾಗಿ ತೆರೆದು ನೋಡಿದರೆ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ಬ್ಯಾಲೆನ್ಸರು ಮಾತ್ರ ಕಾರಣ ಹೇಳದೆ ಸತ್ತಿದೆ, ಸತ್ತಿದೆ ಎನ್ನುತ್ತಿತ್ತು. ಗೌಡರ ಫೋನು ಬಂತು. ಅವರಿಗೆ ಗಾಬರಿಯಾದರೆ ತೆಲುಗು ಬರುತ್ತದೆ. "ಏಮೈಂದಿ ಆಚಾರ್ರೇ, ಏಮೈಂದಿ? ಮಿಲ್ಲಿನವ್ರು ಹಳೇ ಚೀಟಿ ಹರಿಯಾಕ ಕುಂತಾರ!" ಎಂದರು. ಏನಾಯಿತೆಂದು ನೋಡುತ್ತಿದ್ದೇವೆ ಎಂದೆ. ಅಷ್ಟರಲ್ಲಿ ಹುಲಿಗೆಮ್ಮನ ಫೋನೂ ರಿಂಗಣಿಸಿತು. ಆಕೆಯ ಅಪ್ಪ ಪಂಪಣ್ಣ ಸಿರಿಗೇರಿಯಿಂದ ನಸುಕಿನಲ್ಲೇ ಟ್ರ್ಯಾಕ್ಟರು ಹೊಡೆದುಕೊಂಡು ಬಂದು ಸಿರುಗುಪ್ಪದ ಮಿಲ್ಲಿನ ಗೇಟಿನ ಮುಂದೆ ನಿಂತಿದ್ದರು. ಟ್ರಾಲಿಯಲ್ಲಿದ್ದದ್ದು ಈ ವರ್ಷದ ನೆಲ್ಲು ಪೂರ್ತಿ. ಮಗಳು ಮಾಡಿದ ಆ್ಯಪ್ ಅಂದಮೇಲೆ ಟೋಕನ್ ಹೋದ ಕೂಡಲೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಮೇಲೆ ಹೊದಿಸಲು ತಾಡಪತ್ರಿ ಕೂಡ ತಂದಿರಲಿಲ್ಲ. "ಮ್ವಾಡ ಕರ್ರಗಾಗೇತಿ, ಗಾಳಿ ಬಿಟ್ಟೈತಿ, ಟೋಕನ್ ಇಲ್ದ ಗೇಟು ತಗಿಯಂಗಿಲ್ಲ ಅಂತಾರ" ಎನ್ನುತ್ತಿದ್ದ ಅವರ ದನಿ ನನಗೂ ಕೇಳಿಸುತ್ತಿತ್ತು. ತೊಯ್ದ ನೆಲ್ಲನ್ನು ಮಿಲ್ಲಿನವರು ಮೂಸಿಯೂ ನೋಡುವುದಿಲ್ಲ. ಹುಲಿಗೆಮ್ಮ "ಸ್ವಲ್ಪ ತಡಿ ಅಪ್ಪಾ" ಎಂದಳು.

ಅಂಥ ಹೊತ್ತಿನಲ್ಲಿ ನಾನೇನು ಮಾಡಿದೆ ಗೊತ್ತೇ? ಅವಳನ್ನೇ ಗದರಿದೆ. "ಬದುಕಿದೆಯೋ ಇಲ್ಲವೋ ಕೇಳುವ ಭಾಗ ನಿನ್ನದೇ ಅಲ್ಲವೇ? ಏನು ಬರೆದಿಟ್ಟಿದ್ದೀ? ನೂರು ಸಲ ಹೇಳಿದ್ದೇನೆ, ಬರೆದದ್ದನ್ನು ಎರಡು ಸಲ ಓದಬೇಕು" ಎಂದೆ. ಅವಳು "ನಿನ್ನೆ ಸಂಜಿತನ ಚಲೋ ಇತ್ತು ಸರ" ಎಂದಷ್ಟೇ ಹೇಳಿ ಬ್ಯಾಲೆನ್ಸರಿನ ಒಳಗನ್ನು ತಡಕತೊಡಗಿದಳು. ನಾನು ಮನಸ್ಸಿನಲ್ಲೇ ಮಂತ್ರಾಲಯದ ರಾಯರಿಗೆ ಹೊರಳುಸೇವೆ ಹರಕೆ ಹೊತ್ತೆ.

ಮತ್ತೆ ಪಂಪಣ್ಣನವರ ಫೋನು. ಹುಲಿಗೆಮ್ಮನ ಎರಡೂ ಕೈ ಕೀಲಿಮಣೆಯ ಮೇಲಿದ್ದವು. "ಅಪ್ಪಾ, ನಮ್ಮ ಸರ ಇಲ್ಲೇ ಅದಾರ, ಅವರ ಜೋಡಿ ಮಾತಾಡು" ಎಂದು ಫೋನನ್ನು ನನ್ನತ್ತ ದೂಡಿದಳು. ಆ ಕಡೆ ಟ್ರ್ಯಾಕ್ಟರಿನ ಗದ್ದಲ, ಗಾಳಿಯ ಸದ್ದು.

"ಸರ, ನಮಸ್ಕಾರ್ರೀ. ಅದೀರೇನ್ರಿ?"

"ಇದ್ದೇನೆ. ಹೇಳಿ."

"ಹಲೋ? ಸರ? ಅದೀರೇನ್ರಿ?"

"ಇದ್ದೇನೆ, ಇದ್ದೇನೆ. ದಯವಿಟ್ಟು ಸ್ವಲ್ಪ ಕಾಯಿರಿ. ಶೀಘ್ರದಲ್ಲೇ ಸರಿಯಾಗುತ್ತದೆ."

ಆ ಕಡೆ ಪಂಪಣ್ಣ ಪಕ್ಕದಲ್ಲಿದ್ದವರಿಗೆ ಹೇಳುವುದು ಕೇಳಿಸಿತು. "ಮನುಷ್ಯಾರು ಯಾರೂ ಇಲ್ಲಲೇ. ಅದು ಕಂಪನಿ ರೆಕಾರ್ಡಿಂಗು. ದಯವಿಟ್ಟು ಕಾಯಿರಿ ಅನ್ನಾಕತ್ತೈತಿ." ಫೋನು ಕಟ್ಟಾಯಿತು.

ನಾನು ಫೋನು ಹಿಡಿದುಕೊಂಡೇ ನಿಂತೆ. ಜೀವಂತ ಮನುಷ್ಯ ‘ಇದ್ದೇನೆ’ ಎಂದು ಒದರುತ್ತಿದ್ದಾನೆ, ಕೇಳಿದವರು ಇಲ್ಲ ಎಂದು ಕತ್ತರಿಸುತ್ತಿದ್ದಾರೆ. ಸರ್ವರು ಹೇಳುವ ಮಾತನ್ನು ನಾನು ತಿದ್ದಿದ್ದೆ. ಬ್ಯಾಲೆನ್ಸರು ಕೇಳಬೇಕೆಂದು ಕಾಯುತ್ತಿದ್ದ ಮಾತನ್ನು ತಿದ್ದಿರಲಿಲ್ಲ. ಅದು ಸಿರಿಗೇರಿಯ ಹುಡುಗಿ ಕಲಿಸಿದ ಯಂತ್ರ, ‘ಅದೀನಿ’ಗೆ ಕಿವಿ ಕೊಟ್ಟು ಕುಳಿತಿತ್ತು. ನನ್ನ ಶುದ್ಧ ಕನ್ನಡ ಕಲಿತ ಸರ್ವರುಗಳು ಒಂದರ ಹಿಂದೊಂದು ಎದ್ದು ನಿಂತು, ವ್ಯಾಕರಣಬದ್ಧವಾಗಿ ‘ಇದ್ದೇನೆ’ ಎಂದು, ವ್ಯಾಕರಣಬದ್ಧವಾಗಿ ಸಾಯುತ್ತಿದ್ದವು.

"ಹುಲಿಗೆಮ್ಮಾ" ಎಂದೆ. "ಆ ಮಾತನ್ನು ನಾನು ತಿದ್ದಿದೆ. ನೀನು ತಿಂಡಿಗೆ ಹೋದಾಗ."

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು. "ಯಾಕ್ರೀ ಸರ? ಏನು ತಪ್ಪಿತ್ತು ಅದರಾಗ?" ಎಂದಳು. ನಾಚಿಕೆಯಿಂದ ಕುಗ್ಗಿಹೋದೆ. ಕೀಲಿಮಣೆ ಎಳೆದುಕೊಂಡು ಹುಟ್ಟಿದಾಗಿನಿಂದ ಬರೆಯದ ಆ ಪದವನ್ನು ಅವಸರದಲ್ಲಿ ಒತ್ತಿದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ.

"ತಡೀರಿ ಸರ!" ಎಂದು ಹುಲಿಗೆಮ್ಮ ನನ್ನ ಕೈ ಹಿಡಿದಳು. "‘ಆದೀನಿ’ ಅಂತ ಬರದೀರಿ. ದೀರ್ಘ ಬ್ಯಾಡ. ಅದಕ್ಕ ಅದೂ ತಿಳಿಯಂಗಿಲ್ಲ."

ದೀರ್ಘ ತೆಗೆದೆ. ಅವಳು ಎರಡು ಸಲ ಓದಿದಳು, ಆಮೇಲೆ ಕಳಿಸಿದಳು. ಇಬ್ಬರೂ ಪರದೆ ನೋಡುತ್ತ ಕುಳಿತೆವು. ಬಹಳ ಹೊತ್ತಾದಂತೆ ಅನಿಸಿತು. ಮೊದಲು ಕುರುಗೋಡು ಹಸಿರಾಯಿತು. ಆಮೇಲೆ ಬಳ್ಳಾರಿ. ಸಿರುಗುಪ್ಪ ಇನ್ನೂ ಸ್ವಲ್ಪ ಸತಾಯಿಸಿ ಹಸಿರಾಯಿತು. ಬ್ಯಾಲೆನ್ಸರು ತಾನಾಗಿಯೇ ಇನ್ನೆರಡು ಸರ್ವರುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿತು. ಟೋಕನ್ನುಗಳು ಸರಸರ ಹೋಗತೊಡಗಿದವು. ಹುಲಿಗೆಮ್ಮ ಅಪ್ಪನಿಗೆ ಫೋನು ಹಚ್ಚಿದಳು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಕಿಟಕಿಯಾಚೆ ಬಳ್ಳಾರಿಯಲ್ಲೂ ನಾಲ್ಕು ದೊಡ್ಡ ಹನಿ ಬಿದ್ದವು. ನಾನು ಆ ಹನಿಗಳನ್ನು ನೋಡಲಾರದೆ ಗೋಡೆ ನೋಡಿದೆ. ಕೊನೆಗೆ ಪಂಪಣ್ಣನವರೇ ಮಾಡಿದರು. ಟ್ರ್ಯಾಕ್ಟರು ಗೇಟಿನೊಳಗೆ ಶೆಡ್ಡಿನಡಿ ಹೋಗಿ ನಿಂತ ಮೇಲೆ ಮಳೆ ಸುರಿಯತೊಡಗಿತ್ತಂತೆ. ಮೇಲಿನ ಪದರ ಒಂದಿಷ್ಟು ಹನಿ ಕಂಡಿದೆ, ಆರಿದರೆ ಆಯಿತು ಎಂದರಂತೆ. ಹುಲಿಗೆಮ್ಮ ಫೋನಿಟ್ಟು ಮುಖ ಒರೆಸಿಕೊಂಡಳು. "ನಾಳಿಗೆ ಏನಾರ ತಿದ್ದೂದಿದ್ರ ನನಗ ಒಂದು ಮಾತು ಹೇಳ್ರಿ ಸರ" ಎಂದಳು. ಹೇಳುತ್ತೇನೆ ಎಂದೆ. ಗೌಡರು ಫೋನಿನಲ್ಲಿ ಏನಾಗಿತ್ತೆಂದು ಕೇಳಿದಾಗ ಅವಳೇ "ಸರ್ವರಿನ ಬಾಯಿ ತೊದಲತಿತ್ರಿ, ಈಗ ಚಲೋ ಆತು" ಎಂದು ನನ್ನ ಮಾನ ಉಳಿಸಿದಳು.

ಸಂಜೆ ಮನೆಯ ಕಡೆ ನಡೆಯುತ್ತ ದಾರಿಯ ಬೋರ್ಡುಗಳನ್ನು ಓದಲೇ ಇಲ್ಲ. ‘ಶುದ್ದ ಸಸ್ಯಹಾರಿ’ಯ ಮುಂದೆ ತಲೆ ತಗ್ಗಿಸಿಕೊಂಡು ಹೋದೆ. ಇನ್ನು ಮೇಲೆ ಯಾರು ಯಾವ ಕನ್ನಡದಲ್ಲಿ ಕೇಳುತ್ತಾರೋ ಅದೇ ಕನ್ನಡದಲ್ಲಿ ಉತ್ತರ ಕೊಡುವವನು ನಾನು ಎಂದು ನಿಶ್ಚಯಿಸಿದೆ. ಅದನ್ನು ಮನೆಯಿಂದಲೇ ಶುರುಮಾಡಬೇಕು. ದಾರಿಯುದ್ದಕ್ಕೂ ಬಾಯಲ್ಲೇ ಅಭ್ಯಾಸ ಮಾಡಿದೆ, ದೀರ್ಘ ಬರದಂತೆ.

ಬಾಗಿಲು ಕಿರ್ರೆಂದಿತು. ಅಡುಗೆಮನೆಯಿಂದ ಸುಧಾ ಕೇಳಿದಳು, "ಅದೀರೇನ್ರಿ?"

ನಾನು ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ, ಎಲ್ಲಿಯೂ ತಪ್ಪದೆ ಹೇಳಿದೆ. "ಅದೀನಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ಸುಧಾ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಓಡಿಬಂದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹಣೆಯ ಮೇಲೆ ಕೈಯಿಟ್ಟು ನೋಡಿದಳು, ಕತ್ತಿನ ಹತ್ತಿರವೂ ನೋಡಿದಳು. "ಯಾಕ್ರೀ, ಆರಾಮಿಲ್ಲೇನು? ಏನೇನೋ ಮಾತಾಡಾಕತ್ತೀರಿ? ಡಾಕ್ಟ್ರ ಹಂತ್ಯಾಕ ಹೋಗೋಣೇನು?" ಎಂದಳು. ಅವಳ ಕಣ್ಣಲ್ಲಿ ನಿಜವಾದ ಭಯವಿತ್ತು. ಏನೂ ಆಗಿಲ್ಲ ಎಂದರೆ ನಂಬಲಿಲ್ಲ. ಆಟೋಗೆ ಫೋನು ಮಾಡಲು ಎದ್ದೇಬಿಟ್ಟಳು.

"ಇದ್ದೇನೆ ಮಾರಾಯ್ತಿ, ಇದ್ದೇನೆ" ಎಂದೆ.

ಅವಳು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟು, ಒಲೆಯ ಮೇಲಿನ ಸಾರು ನೋಡಲು ಒಳಗೆ ಹೋದಳು.