ಎಂಟು ಡಿಗ್ರಿಯ ಇಂಧನ

ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಆ ಹೌಸಿಂಗ್ ಸೊಸೈಟಿಯಲ್ಲಿ, ಯಾರೂ ಬೇಡ ಅನ್ನದ ಕೆಲಸಕ್ಕೆ ಪರ್ಮಿಷನ್ ಕೇಳಿದ ಮೊಟ್ಟಮೊದಲ ನಿವಾಸಿ ಅಶ್ವತ್ಥ. ಇದು ದಾಖಲಾಗಿರುವ ಸಂಗತಿ.

ಅಶ್ವತ್ಥ ಲಾರಿ ಫ್ಯಾಕ್ಟರಿಯಲ್ಲಿ ಇಂಜಿನಿಯರು. ರಜೆ ಬಂದರೆ ರಿಮೋಟಲ್ಲಿ ಹಾರೋ ಪುಟ್ಟ ವಿಮಾನ ಕಟ್ತಾನೆ. ಅದರ ಇಂಧನ ಬಲು ಸೂಕ್ಷ್ಮ. ಹೊತ್ಕೊಳ್ಳೋ ಭಯ ಒಂದು ಕಡೆ. ಜೊತೆಗೆ ಬಿಸಿಲಿಗೆ ಡಬ್ಬಿ ಉಸಿರು ಬಿಡುತ್ತೆ, ಚಳಿಗೆ ಹೊರಗಿನ ತೇವ ಎಳ್ಕೊಳ್ಳುತ್ತೆ. ಕಳೆದ ವರ್ಷ ಬಾಲ್ಕನಿಯಲ್ಲಿಟ್ಟಿದ್ದ ಇಂಧನ ಹೀಗೇ ನೀರು ಕುಡಿದು, ವಿಮಾನ ಮೇಲೆ ಹೋಗಿ ಕೆಮ್ಮಿ ಸೀದಾ ಕೆರೆಗಿಳೀತು. ಈ ಚಳಿಗಾಲ ಪೂರ್ತಿ ಕೂತು ಹೊಸದು ಕಟ್ತಿದ್ದಾನೆ. ಏಪ್ರಿಲ್ ಕೊನೆಗೆ ಬರೋ ವಾಲ್ಬೋರ್ಗ್ ಹಬ್ಬದ ದಿನ ಅದು ಹಾರಬೇಕು. ಅವನಿಗಿದ್ದ ಆಸೆ ಅದೊಂದೇ.

ಡಬ್ಬಿಗೆ ಹೆಂಡತಿಯ ಶಾಲು ಹೊದಿಸಿ ಬಾಲ್ಕನಿಯಲ್ಲಿಟ್ಟಿದ್ದ.

"ರೀ, ನಂಗೆ ಚಳಿ ಆಗುತ್ತಾ ಅಂತ ಒಂದ್ಸಲನಾದ್ರೂ ಕೇಳಿದೀರಾ?" ಅಂದಳು ಮೀರಾ.

"ನೀನು ತೇವ ಎಳ್ಕೊಳ್ಳಲ್ವಲ್ಲ."

"ಡಬ್ಬಿನ ಎಲ್ಲಾದ್ರೂ ಸಾಗಹಾಕಿ. ಶಾಲು ಇಲ್ಲಿರ್ಲಿ."

ಅಂಗಳದಲ್ಲಿ, ಹಿಂದಿನವರು ಆಲೂಗಡ್ಡೆ ಇಡೋಕೆ ಅಂತ ದಿಬ್ಬ ಕೊರೆದು ಮಾಡಿದ ಕಲ್ಲಿನ ಕೋಣೆ ಇತ್ತು. ಕರೆಂಟಿಲ್ಲ, ಬಿಸಿಲಿಲ್ಲ. ಹೊರಗೆ ಏನೇ ಆಗಲಿ, ಒಳಗೆ ಎಂಟು ಡಿಗ್ರಿ. ಈಗ ಅಲ್ಲಿ ಎಲ್ಲರ ಸೈಕಲ್ಲು, ಹಿಮ ಎತ್ತೋ ಸಲಿಕೆ. ಡಬ್ಬಿನೂ ಒಂದು ಮೂಲೆಗಿಟ್ಟು ತೆಪ್ಪಗಿರಬಹುದಿತ್ತು. ಅಶ್ವತ್ಥ ಅರ್ಜಿ ಹಾಕಿದ.

"ಯಾಕೋ ಕೇಳಕ್ಕೋದೆ?" ಅಂದ ಪಕ್ಕದ ಮನೆಯ ಗೆಳೆಯ ಇನಾಯತ್.

"ವರ್ಕ್ ಪರ್ಮಿಟ್ ಮೇಲಿರೋನು ಕಣೋ. ನಾಳೆ ಯಾರಾದ್ರೂ ಕೇಳಿದ್ರೆ?"

"ಹಾಗಾದ್ರೆ ನಾನು ಉಸಿರಾಡೋಕೂ ಅರ್ಜಿ ಹಾಕ್ಬೇಕಿತ್ತು. ಬಂದಾಗಿಂದ ಕೇಳ್ದೇನೇ ಉಸಿರಾಡ್ತಾ ಇದೀನಿ."

ಸೊಸೈಟಿ ಸಭೆ ಸೇರಿತು. ಕಾಫಿ, ದಾಲ್ಚಿನ್ನಿ ಬನ್ನು ಆದ ಮೇಲೆ ಅಧ್ಯಕ್ಷೆ ಗುನ್‌ಬ್ರಿಟ್ ಕೇಳಿದರು: "ಬಾಗಿಲು ತೆಗೆದರೆ ಒಳಗಿನ ಡಿಗ್ರಿ ಬದಲಾಗಲ್ವಾ?"

"ಸ್ವಲ್ಪ ಆಗುತ್ತೆ," ಅಂದ ಅಶ್ವತ್ಥ, ಇಂಜಿನಿಯರಲ್ವಾ.

ಆ ಸ್ವಲ್ಪದ ಬಗ್ಗೆ ಉಪಸಮಿತಿ ರಚನೆಯಾಯಿತು. ಅರ್ಜಿ ಪಾಸಾಗಿ ಡಬ್ಬಿ ಕೋಣೆ ಒಳಗೆ ಹೋಯಿತು. ಬಟ್ಟೆ ಒಗೆಯೋ ಕೋಣೆಯ ಗೋಡೆ ಮೇಲೆ ಪ್ರಕಟಣೆ ಬಂತು:

"ಕಲ್ಲಿನ ಕೋಣೆಯ ಬಾಗಿಲನ್ನು, ಒಳಗಿನ ಹಾಗೂ ಹೊರಗಿನ ಉಷ್ಣಾಂಶ ಸಮನಾಗಿರುವಾಗ ಮಾತ್ರ ತೆರೆಯತಕ್ಕದ್ದು. ಸದ್ಯ ಹೊರಗೆ ಮೈನಸ್ ಹದಿನಾಲ್ಕು ಇರುವುದರಿಂದ ನಿವಾಸಿಗಳು ಸಹಕರಿಸತಕ್ಕದ್ದು. ಸಲಿಕೆ ಬೇಕಾದವರು ಬದಲಿ ಏರ್ಪಾಡು ಮಾಡಿಕೊಳ್ಳತಕ್ಕದ್ದು."

ಯಾರೂ ಗೊಣಗಲಿಲ್ಲ. ಆ ಸಲದ ಹಿಮವನ್ನ ಎಲ್ಲರೂ ಕೇಕ್ ಬೇಯಿಸೋ ಟ್ರೇಯಲ್ಲಿ ಎತ್ತಿದರು. ಮೀರಾ ದೋಸೆ ಹಂಚಲ್ಲಿ ಎತ್ತಿದಳು.

"ಹಂಚು ಸೊಟ್ಟಗಾಯ್ತು. ನಿಮ್ಮ ವಿಮಾನ ಹಾರೋತನಕ ಉಪ್ಪಿಟ್ಟೇ," ಅಂದಳು.

ವಾಲ್ಬೋರ್ಗ್ ದಿನ ಬಂತು. ಇಡೀ ಸೊಸೈಟಿ ಕಾಫಿ ಲೋಟ ಹಿಡಿದು ಕೋಣೆ ಮುಂದೆ ನಿಂತಿತು. ಅಶ್ವತ್ಥನ ಕಂಕುಳಲ್ಲಿ ಹೊಸ ವಿಮಾನ. ಮಧ್ಯಾಹ್ನದ ಹೊತ್ತಿಗೆ ಹೊರಗೂ ಎಂಟು ಡಿಗ್ರಿ ಆಯಿತು. ಗುನ್‌ಬ್ರಿಟ್ ಬಾಗಿಲು ತೆಗೆದರು. ಡಬ್ಬಿ ಇಟ್ಟ ಹಾಗೇ ಇತ್ತು.

"ಇಡೀ ಚಳಿಗಾಲ ಒಂದು ಡಿಗ್ರಿನೂ ಅಲುಗಿಲ್ಲ," ಅಂದರು ಗುನ್‌ಬ್ರಿಟ್, ಡಬ್ಬಿ ಸವರುತ್ತಾ. "ಅಶ್ವತ್ಥ, ಇದನ್ನ ಸುಟ್ಟುಹಾಕ್ತೀಯಾ?"

"ಸುಡೋಕೆ ಅಂತಾನೇ..."

"ನೀನು ಸುರಕ್ಷಿತವಾಗಿ ಇಡೋಕೆ ಅಂತ ಅರ್ಜಿ ಕೊಟ್ಟಿದ್ದೆ. ಬಳಸೋ ವಿಷಯ ಎತ್ತಿರಲಿಲ್ಲ."

ಅಲ್ಲೇ ಕೈ ಎತ್ತಿಸಿದರು. ಇಂಧನ ಅಲ್ಲೇ ಇರಲಿ ಅಂತ ಎಲ್ಲರ ಕೈ ಮೇಲೆ ಹೋಯಿತು. ಆಮೇಲೆ ಎಲ್ಲರೂ ಅಶ್ವತ್ಥನ ಕಡೆ ತುಂಬಾ ಪ್ರೀತಿಯಿಂದ ನೋಡಿದರು. ಅವನು ವಿಮಾನ ಇಲ್ಲದ ಕೈ ಎತ್ತಿದ. ಒಂಬತ್ತು ಡಿಗ್ರಿ ಆಗೋ ಮುಂಚೆ ಬಾಗಿಲು ಹಾಕಿದರು.

"ಇರ್ಲಿ ಬಾ ಗುರೂ," ಅಂದ ಇನಾಯತ್. "ನೀನು ಹಿಡ್ಕೊಂಡು ಓಡು. ಇಂಜಿನ್ ಸೌಂಡ್ ನಾನು ಕೊಡ್ತೀನಿ."

ಅಶ್ವತ್ಥ ವಿಮಾನ ಎತ್ತಿ ಹಿಡಿದು ಅಂಗಳ ಸುತ್ತಿದ. ಇನಾಯತ್ ಹಿಂದಿಂದ ಬುರ್ರ್ ಅನ್ನುತ್ತಾ ಓಡಿದ. ಜನ ಚಪ್ಪಾಳೆ ತಟ್ಟಿದರು. ಇನ್ನೂ ಸ್ವಲ್ಪ ಮೇಲೆ ಹೋಗುತ್ತಾ ಅಂತ ಗುನ್‌ಬ್ರಿಟ್ ಕೇಳಿದಾಗ ಅಶ್ವತ್ಥ ತುದಿಗಾಲಲ್ಲಿ ಓಡಿದ.

ವಿಮಾನವು ಯಶಸ್ವಿಯಾಗಿ ಹಾರಿತೆಂದು ಸಭೆಯ ನಡಾವಳಿಯಲ್ಲಿ ದಾಖಲಾಯಿತು. ಮುಂದಿನ ವರ್ಷ ಇನ್ನಷ್ಟು ಎತ್ತರದಲ್ಲಿ ಹಾರಿಸಲು ಅನುಕೂಲವಾಗಲೆಂದು ಸೊಸೈಟಿಯಿಂದ ಒಂದು ಸ್ಟೂಲು ಮಂಜೂರಾಯಿತು. ಅಶ್ವತ್ಥ ಎದ್ದು ನಿಂತು ಥ್ಯಾಂಕ್ಸ್ ಹೇಳಿದ.