ಕೂದಲು ಬಂದ ಮಗುವನ್ನು ಗುರುತಿಸದ ಯಂತ್ರಕ್ಕೆ

ವಲಸೆ ಕಚೇರಿಯ ಮೂರನೇ ಕಿಟಕಿಯಾಚೆ, ಫ್ಯಾನಿನ ಗಾಳಿ ನೇರವಾಗಿ ಬೀಳುವ ಏಕೈಕ ಜಾಗದಲ್ಲಿ ವಿರಾಜಮಾನರಾಗಿರುವ ಫೋಟೊ ತಪಾಸಣಾ ಯಂತ್ರದ ಸನ್ನಿಧಿಗೆ, ಅದೇ ಕಿಟಕಿಯ ಈಚೆ ಬೆವರುತ್ತ ನಿಲ್ಲುವ ವಲಸೆ ವಕೀಲೆಯೊಬ್ಬಳ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕೆಟ್ಟು ನಿಂತ ದಿನವೂ ತಮ್ಮದೇ ಕೊನೆಯ ಮಾತಾಗಿರುವುದರಿಂದ ತಮ್ಮ ಕ್ಷೇಮಕ್ಕೆ ಕೊರತೆ ಬರಲಾರದು.

ನನ್ನ ಕಕ್ಷಿದಾರರು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅವರ ಮಗಳು ಗಡಿಯಾಚೆ ಅಜ್ಜಿಯ ಬಳಿ ಇದ್ದಳು. ಮಗು ತಾಯಿಯನ್ನು ಬಂದು ಸೇರುವುದು ಹಕ್ಕೇ ಹೊರತು ಸರ್ಕಾರದ ಔದಾರ್ಯವಲ್ಲ ಎಂದು ನಾನು ಓದಿದ ಕರಪತ್ರಗಳೆಲ್ಲ ದಪ್ಪಕ್ಷರದಲ್ಲಿ ಸಾರುತ್ತವೆ. ಹಕ್ಕಿಗೂ ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕೆಂದು ಮಾತ್ರ ಒಂದರಲ್ಲೂ ಇರಲಿಲ್ಲ.

ಮೂರು ತಿಂಗಳ ಕೂಸಿನ ಮೊದಲ ಫೋಟೊವನ್ನು ಬಾಯಿ ತೆರೆದಿದೆ ಎಂದು ತಿರಸ್ಕರಿಸಿದಿರಿ, ಎರಡನೆಯದನ್ನು ಕಣ್ಣು ಮುಚ್ಚಿದೆ ಎಂದು. ಮೂರನೆಯದಕ್ಕೆ ಅಜ್ಜಿಯೇ ಬಿಳಿ ಬೆಡ್‌ಶೀಟ್ ಹೊದ್ದು, ಗೋಡೆಯಂತೆ ಕೂತು, ಒಳಗಿಂದಲೇ ಕೂಸನ್ನು ಎತ್ತಿ ಹಿಡಿದರೆ, ಹಿನ್ನೆಲೆಗೆ ಮೂಗಿದೆ ಎಂದು ಆಕ್ಷೇಪಿಸಿದಿರಿ. ನಾಲ್ಕನೆಯದನ್ನು ಒಪ್ಪಿದಿರಿ. ಆ ದಿನ ಅಜ್ಜಿ, ತಾಯಿ, ನಾನು ಮೂವರೂ ಫೋನಿನಲ್ಲೇ ಅತ್ತೆವು.

ಆಮೇಲೆ ಕಡತ ಎಂಟು ತಿಂಗಳು ಮಲಗಿತು. ಎದ್ದ ಮೇಲೆ, ಫೋಟೊ ಆರು ತಿಂಗಳಿಗಿಂತ ಹಳೆಯದಾಗಿರಬಾರದೆಂಬ ನಿಯಮ ನೆನಪಾಗಿ ಹೊಸದನ್ನು ಕೇಳಿತು. ಕೊಟ್ಟೆವು. ತಾವು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಇವರು ಬೇರೆ ಬೇರೆ ವ್ಯಕ್ತಿಗಳು ಎಂದು ಕೆಂಪು ದೀಪ ಹಚ್ಚಿದಿರಿ. ಎಂಥ ಸೂಕ್ಷ್ಮದೃಷ್ಟಿ! ಬೋಳುತಲೆಯಲ್ಲಿ ಕೂದಲು ಹುಟ್ಟಿದರೆ ಲೋಕವೆಲ್ಲ ಸಂತೋಷಪಡುತ್ತದೆ. ಅದರಲ್ಲಿ ಮೋಸ ಕಂಡವರು ತಾವೊಬ್ಬರೇ.

ಕಿಟಕಿಯ ಗುಮಾಸ್ತರು, “ನಂಗೇನೋ ಅದೇ ಮಗು ಥರ ಕಾಣುತ್ತಮ್ಮಾ, ಆದ್ರೆ ಯಂತ್ರ ಒಪ್ಪಬೇಕಲ್ಲ” ಎಂದು ಕೈಚೆಲ್ಲಿ, ಹೊಸ ಅರ್ಜಿ ಹಾಕಲು ಹೇಳಿದರು. ಅಂದರೆ ಮತ್ತೆ ಎಂಟು ತಿಂಗಳು, ಅಷ್ಟರಲ್ಲಿ ಎರಡು ಜಡೆ, ಅಂದರೆ ಮೂರನೆಯ ವ್ಯಕ್ತಿ. ನರ್ಸ್ ನನ್ನನ್ನು ಕೇಳಿದ್ದು ಇಷ್ಟೇ: “ಮೇಡಂ, ಬೆಳೀಬೇಡ ಅಂತ ಅವಳಿಗೆ ಹೇಗೆ ಹೇಳ್ಲಿ? ಇನ್ನೂ ಮಾತೇ ಬರಲ್ಲ.”

ಅರ್ಜಿ ಬಾಕಿಯಿರುವ ಮಕ್ಕಳು ಬೆಳೆಯಕೂಡದೆಂದು ಸುತ್ತೋಲೆ ಹೊರಡಿಸುವಂತೆ ತಮ್ಮನ್ನು ಬೇಡಿಕೊಳ್ಳುವವಳಿದ್ದೆ. ಆದರೆ ತಮ್ಮ ತೀರ್ಪನ್ನು ಮತ್ತೆ ಮತ್ತೆ ಓದಿದಂತೆ ಅದರ ಘನತೆ ಅರಿವಾಯಿತು. ಇದು ಬೇರೆ ಮಗುವಾದರೆ ಮೊದಲಿನದು ಎಲ್ಲಿ? ತಕ್ಷಣ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ: ಕಾಣೆಯಾದ ಮಗು, ವಯಸ್ಸು ಮೂರು ತಿಂಗಳು, ತಲೆ ಬೋಳು, ಕೊನೆಯದಾಗಿ ಕಂಡದ್ದು ವಲಸೆ ಕಚೇರಿಯ ಕಡತದಲ್ಲಿ, ಅನುಮಾನ ಯಂತ್ರದ ಮೇಲೆ. ಪೇದೆಯೊಬ್ಬರು ಬಂದು ಒಂದೊಂದೇ ಬೀರು ತೆರೆಸಿ, ಕಡತಗಳ ಹಿಂದೆ ಟಾರ್ಚು ಬಿಡತೊಡಗಿದಾಗ ಮುಖ್ಯಾಧಿಕಾರಿಗಳು ಓಡಿಬಂದರು. “ಅಯ್ಯೋ, ಪೊಲೀಸು ಗಿಲೀಸು ಯಾಕಮ್ಮಾ? ಎರಡೂ ಒಂದೇ ಮಗು, ಮುಖ ನೋಡಿದ್ರೆ ಗೊತ್ತಾಗಲ್ವಾ!” ಎಂದು ಎರಡೇ ನಿಮಿಷದಲ್ಲಿ ಸ್ವಂತ ಕೈಯಿಂದ ಒಪ್ಪಿಗೆಯ ಸಹಿ ಹಾಕಿದರು.

ಆದ್ದರಿಂದ ತಾವು ಕೆಲಕಾಲ ವಿಶ್ರಾಂತಿ ಪಡೆದು, ಆ ಎರಡು ನಿಮಿಷಗಳನ್ನು ಎಲ್ಲರಿಗೂ ದಯಪಾಲಿಸಬೇಕೆಂದು ಪ್ರಾರ್ಥನೆ. ನನ್ನ ಮೇಜಿನ ಮೇಲೆ ಇನ್ನೂ ಹನ್ನೊಂದು ಮಕ್ಕಳ ಕಡತಗಳಿವೆ. ಎಷ್ಟು ಹೇಳಿದರೂ ಕೇಳದೆ ಆ ಮಕ್ಕಳೆಲ್ಲ ಬೆಳೆಯುತ್ತಿದ್ದಾರೆ.

ತಮ್ಮ ಕೆಂಪು ದೀಪದ ಬೆಳಕಲ್ಲೇ ಕಾನೂನು ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಹನ್ನೊಂದು ಮಕ್ಕಳ ವಕೀಲೆ

ತಾಜಾ ಕಲಂ: ಮಗಳನ್ನು ಕರೆತರಲು ಹೋಗಿದ್ದ ನರ್ಸ್ ಇಂದು ಬೆಳಿಗ್ಗೆ ವಿಮಾನದಿಂದ ಇಳಿದರು. ವಿಮಾನ ನಿಲ್ದಾಣದ ಯಂತ್ರ, ತಮ್ಮ ಒಡಹುಟ್ಟೇ ಇರಬೇಕು, ಮಗುವನ್ನು ಒಪ್ಪಿಕೊಂಡು ತಾಯಿಯನ್ನು ತಡೆದಿದೆ: ನಿಯಮದಂತೆ ನಗದೆ ತೆಗೆಸಿಕೊಂಡ ಫೋಟೊಗೂ ಈಗಿನ ಮುಖಕ್ಕೂ ಹೊಂದಿಕೆಯಿಲ್ಲವಂತೆ. ನಗು ನಿಲ್ಲಿಸಿ ಎಂದು ಮೂರು ಸಲ ಹೇಳಿದರೂ ಅವರಿಂದ ಆಗಲಿಲ್ಲವಂತೆ. ನಾಲ್ಕನೆಯ ಸಲವೂ ಆಗದು ಎಂದು ಲಿಖಿತವಾಗಿ ಕೊಟ್ಟುಬರಲು ಹೊರಟಿದ್ದೇನೆ.